ಹಳದಿ ಅಂಗೈ, ಬಿಳಿ ಕಣ್ಣು

ಚರ್ಮರೋಗದ ಪುಸ್ತಕಗಳಲ್ಲಿ ಕೆರೊಟಿನೀಮಿಯಾಕ್ಕೆ ಸಿಗುವ ಜಾಗ ಬಹಳ ಸಣ್ಣದು. ರಕ್ತದಲ್ಲಿ ಕೆರೊಟಿನ್ ಹೆಚ್ಚಾದಾಗ ಅಂಗೈ, ಅಂಗಾಲು, ಮೂಗಿನ ಪಕ್ಕದ ಮಡಿಕೆಗಳು ಹಳದಿಗೋ ಕಿತ್ತಳೆಗೋ ತಿರುಗುತ್ತವೆ. ಕಣ್ಣಿನ ಬಿಳಿಭಾಗ ಮಾತ್ರ ಬಿಳಿಯಾಗಿಯೇ ಉಳಿಯುತ್ತದೆ. ಮೂತ್ರದ ಬಣ್ಣ ಬದಲಾಗುವುದಿಲ್ಲ. ಇದು ಕಾಮಾಲೆಯಲ್ಲ, ಅಪಾಯವಿಲ್ಲ, ಕ್ಯಾರೆಟ್ ಕಡಿಮೆ ಮಾಡಿದರೆ ತಾನಾಗಿ ಹೋಗುತ್ತದೆ. ಅಲ್ಲಿಗೆ ಮುಗಿಯಿತು. ಇಷ್ಟರಲ್ಲಿ ಸುಳ್ಳೇನೂ ಇಲ್ಲ. ಆದರೆ ಅಪಾಯವಿಲ್ಲ ಎಂಬ ಮಾತು ಬಣ್ಣಕ್ಕೆ ಸಂಬಂಧಿಸಿದ್ದು, ಆ ಬಣ್ಣ ಹೊತ್ತ ಮನುಷ್ಯರಿಗೆ ಸಂಬಂಧಿಸಿದ್ದಲ್ಲ. ತೂಕ ಇಳಿಯುತ್ತಿರುವ, ಮುಟ್ಟು ನಿಂತಿರುವ, ಸದಾ ಚಳಿ ಎನ್ನುವ ಯುವತಿಯೊಬ್ಬಳ ಅಂಗೈ ಹಳದಿಯಾಗಿದ್ದರೆ, ಲಿವರ್ ಪರೀಕ್ಷೆಯ ವರದಿ ಸರಿಯಾಗಿದೆ ಎಂದು ಹೇಳಿ ಮನೆಗೆ ಕಳಿಸುವುದು ಅರ್ಧ ಓದಿ ಪುಸ್ತಕ ಮಡಚಿಟ್ಟಂತೆ. ಊಟವನ್ನೇ ಶತ್ರುವಾಗಿ ಕಾಣುವ ಕಾಯಿಲೆಯೊಂದು, ಅನೊರೆಕ್ಸಿಯಾ ನರ್ವೋಸಾ, ಎಷ್ಟೋ ಸಲ ಮೊದಲು ಕಾಣಿಸಿಕೊಳ್ಳುವುದು ಮಾತಿನಲ್ಲಲ್ಲ, ಮೈಯಲ್ಲಿ. ಹಳದಿ ಅಂಗೈ ಅಂಥ ಗುರುತುಗಳಲ್ಲಿ ಒಂದು. ಅದನ್ನು ತರಕಾರಿಯ ಲೆಕ್ಕಕ್ಕಷ್ಟೇ ಬರೆದು ಕೈತೊಳೆದುಕೊಳ್ಳುವುದು ತಪ್ಪು.

ಬಣ್ಣದ ಕಥೆ ಹಳೆಯದು. ಜರ್ಮನಿಯ ವಾಕೆನ್‌ರೋಡರ್ 1831ರಲ್ಲಿ ಕ್ಯಾರೆಟ್ಟಿನಿಂದ ಈ ವಸ್ತುವನ್ನು ಬೇರ್ಪಡಿಸಿದರು. ಅದರ ಅಣುರಚನೆ ಬಿಡಿಸಿದವರು ಸ್ವಿಟ್ಜರ್ಲೆಂಡಿನ ಪಾಲ್ ಕಾರರ್. 1937ರ ರಸಾಯನಶಾಸ್ತ್ರದ ನೊಬೆಲ್ ಬಂದದ್ದರಲ್ಲಿ ಆ ಕೆಲಸದ ಪಾಲೂ ಇದೆ. ನಾವು ತಿಂದ ಬೀಟಾ ಕೆರೊಟಿನ್ ಕರುಳಿನ ಒಳಪೊರೆಯಲ್ಲಿ ಒಂದು ಕಿಣ್ವದಿಂದ ನಡುವೆ ಸೀಳಿಕೊಂಡು ಎ ಜೀವಸತ್ವವಾಗುತ್ತದೆ. ಎಷ್ಟು ಸೀಳಬೇಕೆಂಬುದಕ್ಕೆ ದೇಹ ಮಿತಿ ಇಟ್ಟುಕೊಂಡಿದೆ. ಹಾಗಾಗಿಯೇ ಎ ಜೀವಸತ್ವದ ಮಾತ್ರೆ ಅತಿಯಾದರೆ ವಿಷವಾಗುತ್ತದೆ, ಕ್ಯಾರೆಟ್ ಅತಿಯಾದರೆ ಆಗುವುದಿಲ್ಲ. ಸೀಳದೆ ಉಳಿದದ್ದು ಕೊಬ್ಬಿನ ಕಣಗಳ ಜೊತೆ, ಅದರಲ್ಲೂ ಎಲ್‌ಡಿಎಲ್ ಕೊಲೆಸ್ಟರಾಲ್ ಕಣಗಳ ಜೊತೆ, ರಕ್ತದಲ್ಲಿ ತಿರುಗುತ್ತದೆ. ಬೆವರು, ಚರ್ಮದ ಜಿಡ್ಡಿನ ಮೂಲಕ ಹೊರಬಂದು ಚರ್ಮದ ಮೇಲ್ಪದರದಲ್ಲಿ ಕೂರುತ್ತದೆ. ಆ ಮೇಲ್ಪದರ ದಪ್ಪಗಿರುವುದು ಅಂಗೈ ಅಂಗಾಲುಗಳಲ್ಲಿ, ಆದ್ದರಿಂದ ಬಣ್ಣ ಮೊದಲು ಕಾಣುವುದೂ ಅಲ್ಲೇ. 1919ರಲ್ಲಿ ಅಮೆರಿಕದ ಆಲ್ಫ್ರೆಡ್ ಹೆಸ್ ಮತ್ತು ವಿಕ್ಟರ್ ಮೈಯರ್ಸ್ ಕ್ಯಾರೆಟ್ ತಿಂದ ಮಕ್ಕಳ ಮೈ ಹಳದಿಯಾದುದನ್ನು ರಕ್ತಪರೀಕ್ಷೆಯ ಸಮೇತ ವಿವರಿಸಿ, ಇದಕ್ಕೆ ಈಗಿರುವ ಹೆಸರನ್ನು ಕೊಟ್ಟರು. ಆ ಮಕ್ಕಳಿಗೆ ಏನೂ ತೊಂದರೆಯಾಗಲಿಲ್ಲ. ನಿರುಪದ್ರವಿ ಎಂಬ ಹಣೆಪಟ್ಟಿ ಅಂಟಿಕೊಂಡದ್ದು ಹೀಗೆ, ಆರೋಗ್ಯವಂತ ಮಕ್ಕಳ ತಟ್ಟೆಯಿಂದ.

ಊಟ ಬಿಟ್ಟು ಸೊರಗುವ ಹೆಣ್ಣುಮಕ್ಕಳ ಕಾಯಿಲೆಯನ್ನು ಲಂಡನ್ನಿನ ವಿಲಿಯಂ ಗಲ್ ಮತ್ತು ಪ್ಯಾರಿಸ್ಸಿನ ಲಾಸೇಗ್ ಇಬ್ಬರೂ ಬೇರೆಬೇರೆಯಾಗಿ ವಿವರಿಸಿದ್ದು 1873ರಲ್ಲಿ. ನಿಧಾನವಾದ ನಾಡಿ, ತಣ್ಣಗಿನ ಮೈ, ನಿಂತ ಮುಟ್ಟು, ಆ ಸ್ಥಿತಿಯಲ್ಲೂ ದಣಿವರಿಯದ ಓಡಾಟ, ಇವೆಲ್ಲ ಗಲ್ ಅವರ ಕಣ್ಣಿಗೆ ಬಿದ್ದಿದ್ದವು. ಹಳದಿ ಬಣ್ಣ ವೈದ್ಯರ ಬರಹಕ್ಕೆ ಬರಲು ಇನ್ನೂ ಬಹಳ ಕಾಲ ಹಿಡಿಯಿತು. 1959ರಲ್ಲಿ ಪೀಟರ್ ಡಾಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಅಂಥ ಒಬ್ಬ ರೋಗಿಯ ಬಗ್ಗೆ ಬರೆದರು. 1968ರಲ್ಲಿ ಅಮೆರಿಕದ ಪಾಪ್ಸ್ ಮತ್ತು ಶ್ವಾಬೆ ಅನೊರೆಕ್ಸಿಯಾದಲ್ಲಿ ಕೆರೊಟಿನ್ ಏರುವುದರ ಬಗ್ಗೆಯೇ ಒಂದು ಲೇಖನ ಪ್ರಕಟಿಸಿದರು. ನನ್ನ ವಾದಕ್ಕೆ ಆಧಾರವಾಗಿರುವುದು ಅದರ ನಂತರ, 1974ರಲ್ಲಿ, ರಾಬಾಯ್, ಸಾಟೊ ಮತ್ತು ಶ್ವಾಬೆ ಮಾಡಿದ ಹೋಲಿಕೆ. ಅವರು ಅನೊರೆಕ್ಸಿಯಾ ಇದ್ದವರ ರಕ್ತವನ್ನಷ್ಟೇ ನೋಡಿ ಸುಮ್ಮನಾಗಲಿಲ್ಲ. ಬೇರೆ ಕಾರಣಕ್ಕೆ ಮುಟ್ಟು ನಿಂತವರನ್ನೂ, ಬೇರೆ ಕಾಯಿಲೆಗಳಿಂದ ಮೂಳೆಚಕ್ಕಳವಾದವರನ್ನೂ ಪಕ್ಕಕ್ಕಿಟ್ಟು ನೋಡಿದರು. ಕೆರೊಟಿನ್ ಏರಿದ್ದು ಅನೊರೆಕ್ಸಿಯಾದವರಲ್ಲಿ. ಬೇರೆ ರೋಗದಿಂದ ಸೊರಗಿದವರಲ್ಲಿ ಆ ಏರಿಕೆ ಕಾಣಲಿಲ್ಲ. ಬರೀ ಸೊರಗುವಿಕೆ ಈ ಬಣ್ಣವನ್ನು ತರುವುದಿಲ್ಲ ಎಂದಾಯಿತು.

ಈ ಮಾತನ್ನು ನಮ್ಮ ದೇಶದಲ್ಲಿ ನಿಂತು ಯೋಚಿಸಿದರೆ ಅದರ ತೂಕ ಇನ್ನೂ ಚೆನ್ನಾಗಿ ತಿಳಿಯುತ್ತದೆ. ಹಸಿವು ನಮಗೆ ಹೊಸದಲ್ಲ. ಬಡತನದ ಹಸಿವು ಇಲ್ಲಿ ಮಕ್ಕಳ ಕಣ್ಣು ಕಿತ್ತುಕೊಂಡಿದೆ: ಇರುಳುಗುರುಡು, ಬಿಳಿಗುಡ್ಡೆಯ ಮೇಲೆ ನೊರೆಯಂಥ ಬಿಟಾಟ್ ಕಲೆ, ಕೊನೆಗೆ ಕರಗಿಹೋಗುವ ಕಾರ್ನಿಯಾ. ಅದನ್ನು ತಡೆಯಲೆಂದೇ 1970ರಲ್ಲಿ ಮಕ್ಕಳಿಗೆ ಎ ಜೀವಸತ್ವದ ದೊಡ್ಡ ಪ್ರಮಾಣದ ಹನಿ ಕೊಡುವ ರಾಷ್ಟ್ರೀಯ ಕಾರ್ಯಕ್ರಮ ಶುರುವಾಯಿತು; ಅಂಗನವಾಡಿಗಳಲ್ಲಿ ಚಮಚದಲ್ಲಿ ಕುಡಿಸುವ ಆ ಹಳದಿ ದ್ರವ ಇವತ್ತಿಗೂ ಇದೆ. ಆ ಹಸಿವಿನಲ್ಲಿ ರಕ್ತದ ಕೆರೊಟಿನ್ ಪಾತಾಳಕ್ಕಿಳಿದಿರುತ್ತದೆ. ತಿನ್ನಲು ಸೊಪ್ಪೂ ಇಲ್ಲ, ಅದನ್ನು ಹೀರಿಕೊಳ್ಳಲು ಬೇಕಾದ ಜಿಡ್ಡೂ ಇಲ್ಲ, ಹೊತ್ತು ತಿರುಗಲು ಬೇಕಾದ ಕೊಬ್ಬಿನ ಕಣಗಳೂ ಇಲ್ಲ. ಅನೊರೆಕ್ಸಿಯಾದ ಹಸಿವಿನಲ್ಲಿ ಇದೇ ಅಂಕಿ ಮೇಲಕ್ಕೆ ಹೋಗುತ್ತದೆ. ತಕ್ಕಡಿಯ ಮುಳ್ಳು ಇಬ್ಬರಿಗೂ ಒಂದೇ ತೂಕ ತೋರಿಸಬಹುದು. ರಕ್ತ ಎರಡು ಬೇರೆ ಕಥೆ ಹೇಳುತ್ತದೆ. ಒಂದರಲ್ಲಿ ಆಹಾರ ಸಿಗುವುದಿಲ್ಲ. ಇನ್ನೊಂದರಲ್ಲಿ ಆಹಾರದ ನಡುವೆಯೇ ಕೂತು, ಆಯ್ದು, ಅಳೆದು, ಕೆಲವನ್ನಷ್ಟೇ ಒಳಗೆ ಬಿಡುವ ಕಟ್ಟುನಿಟ್ಟಿನ ವ್ಯವಸ್ಥೆಯೊಂದು ನಡೆದಿರುತ್ತದೆ. ಹಳದಿ ಅಂಗೈ ಆ ಆಯ್ಕೆಯ ಲೆಕ್ಕಪತ್ರ, ಭಾಗಶಃವಾದರೂ. ಆಯ್ಕೆ ಎಂದಾಗ ಹಟ ಎಂದು ಓದಿಕೊಳ್ಳಬೇಡಿ. ಕಾಯಿಲೆ ಬಲಿತ ಮೇಲೆ ಅಲ್ಲಿ ಆಯ್ಕೆಗೆ ಉಳಿದಿರುವ ಜಾಗ ಬಹಳ ಕಿರಿದು.

ಭಾಗಶಃ ಎಂದದ್ದಕ್ಕೆ ಕಾರಣವಿದೆ, ಮತ್ತು ಇಲ್ಲೇ ವಿಷಯ ಸ್ವಾರಸ್ಯವಾಗುತ್ತದೆ. ಮೊದಲ ವಿವರಣೆ ಸರಳ: ಕ್ಯಾಲರಿಗೆ ಹೆದರುವವರು ಹೊಟ್ಟೆ ತುಂಬಲು ತರಕಾರಿ ತಿನ್ನುತ್ತಾರೆ. 100 ಗ್ರಾಂ ಕ್ಯಾರೆಟ್ಟಿನಲ್ಲಿ ಸಿಗುವುದು ಸುಮಾರು 40 ಕ್ಯಾಲರಿ. ಕುಂಬಳಕಾಯಿ, ಪರಂಗಿ, ಸೊಪ್ಪುಗಳದ್ದೂ ಅದೇ ಜಾತಕ. ನುಗ್ಗೆಸೊಪ್ಪಿನಲ್ಲಂತೂ ಕ್ಯಾರೆಟ್ಟಿಗಿಂತ ಹೆಚ್ಚು ಬೀಟಾ ಕೆರೊಟಿನ್ ಇದೆ. ಹಸಿರು ಮರೆಮಾಡುವುದರಿಂದ ನಮಗೆ ಅದರ ಹಳದಿ ಕಾಣುವುದಿಲ್ಲ. ಆದರೆ ತಿನ್ನುವುದೊಂದರಿಂದಲೇ ಎಲ್ಲ ಬಗೆಹರಿಯುವುದಿಲ್ಲ. ಕೆರೊಟಿನ್ ಕರಗುವುದು ಕೊಬ್ಬಿನಲ್ಲಿ. ಎಣ್ಣೆ ತುಪ್ಪ ಮುಟ್ಟದವರು ಹಸಿ ಕ್ಯಾರೆಟ್ ಕಚ್ಚಿದರೆ ಅದರಲ್ಲಿ ಬಹುಪಾಲು ಹಾಗೇ ಹೊರಗೆ ಹೋಗಬೇಕು. ಹಾಗಿದ್ದೂ ಅವರ ರಕ್ತದಲ್ಲಿ ಅದು ಕಲೆಹಾಕಿಕೊಳ್ಳುತ್ತದೆ ಎಂದರೆ, ಒಳಗೆ ಬಂದದ್ದು ಖರ್ಚಾಗುತ್ತಿಲ್ಲ ಎಂದರ್ಥ. ಹಸಿವಿನಲ್ಲಿ ದೇಹ ಖರ್ಚು ಉಳಿಸಲು ಥೈರಾಯ್ಡನ್ನು ತಗ್ಗಿಸುತ್ತದೆ. ಟಿ3 ಎಂಬ ಚುರುಕಿನ ಹಾರ್ಮೋನು ಇಳಿಯುತ್ತದೆ. ಕೆರೊಟಿನ್ ಎ ಜೀವಸತ್ವವಾಗಲು ಥೈರಾಯ್ಡಿನ ಕುಮ್ಮಕ್ಕು ಬೇಕು. ಥೈರಾಯ್ಡ್ ಮಂದವಾದವರಲ್ಲೂ ಅಂಗೈ ಹಳದಿಯಾಗುವುದನ್ನು ವೈದ್ಯರು ಬಹಳ ಹಿಂದೆಯೇ ಗುರುತಿಸಿದ್ದಾರೆ. ಇದರ ಜೊತೆಗೆ, ಕೇಳಿದವರಿಗೆ ವಿಚಿತ್ರ ಎನಿಸುವ ಇನ್ನೊಂದು ಸಂಗತಿ: ಜಿಡ್ಡಿನ ಪಸೆಯನ್ನೂ ಮುಟ್ಟದ ಅನೊರೆಕ್ಸಿಯಾ ರೋಗಿಗಳಲ್ಲಿ ಅನೇಕರ ಕೊಲೆಸ್ಟರಾಲ್ ಹೆಚ್ಚಿರುತ್ತದೆ. ಕೆರೊಟಿನ್ ಸವಾರಿ ಮಾಡುವುದು ಆ ಕಣಗಳ ಮೇಲೆಯೇ. ವಾಹನ ಹೆಚ್ಚಾದರೆ ಸವಾರರೂ ಹೆಚ್ಚು. ಮೈಯಲ್ಲಿ ಕೊಬ್ಬು ಕರಗಿಹೋದಾಗ ಅದರಲ್ಲಿ ಅಡಗಿ ಕೂರಬೇಕಾಗಿದ್ದ ಬಣ್ಣಕ್ಕೂ ನೆಲೆ ತಪ್ಪುತ್ತದೆ. ಇವುಗಳಲ್ಲಿ ಯಾವುದರ ಪಾಲು ಎಷ್ಟು ಎಂಬುದು ರೋಗಿಯಿಂದ ರೋಗಿಗೆ ಬದಲಾಗುತ್ತದೆ. ಒಂದೇ ಕಾರಣಕ್ಕೆ ಪಟ್ಟ ಕಟ್ಟುವ ವಿವರಣೆಗಳ ಮೇಲೆ ನನಗೆ ನಂಬಿಕೆಯಿಲ್ಲ.

ಮೊದಲ ಆಕ್ಷೇಪ ಇಲ್ಲೇ ಎದುರಾಗುತ್ತದೆ. ಎಷ್ಟು ಸುತ್ತಿ ಬಳಸಿ ಹೇಳಿದರೂ ಇದು ಕ್ಯಾರೆಟ್ ತಿಂದದ್ದರ ಫಲವಷ್ಟೇ ಅಲ್ಲವೇ? ತರಕಾರಿ ತಿನ್ನುವವರನ್ನೆಲ್ಲ ಮನೋರೋಗಿಗಳ ಪಟ್ಟಿಗೆ ಸೇರಿಸಬೇಕೇ? ಸೇರಿಸಬೇಕಿಲ್ಲ. ದಿನಕ್ಕೆ 30 ಮಿಲಿಗ್ರಾಂ ಶುದ್ಧ ಬೀಟಾ ಕೆರೊಟಿನ್ ನುಂಗಿದ ಆರೋಗ್ಯವಂತ ಗಂಡಸರ ಚರ್ಮ ಹಳದಿಯಾದದ್ದು ಸುಮಾರು 25ರಿಂದ 42 ದಿನಗಳ ನಂತರ. ಕ್ಯಾರೆಟ್ಟಿನ ಲೆಕ್ಕದಲ್ಲಿ ಅದು ದಿನಕ್ಕೆ ಅರ್ಧ ಕಿಲೋ ಹತ್ತಿರ. ಹಸಿ ಕ್ಯಾರೆಟ್ಟಿನಿಂದ ದೇಹ ಹೀರುವುದು ಮಾತ್ರೆಯಿಂದ ಹೀರುವುದಕ್ಕಿಂತ ಎಷ್ಟೋ ಕಡಿಮೆಯಾದ್ದರಿಂದ ಇನ್ನೂ ಹೆಚ್ಚೇ ಬೇಕಾದೀತು. ಪಲ್ಯಕ್ಕೆ, ಕೋಸಂಬರಿಗೆ ಹಾಕಿದ ಕ್ಯಾರೆಟ್ ಯಾರ ಅಂಗೈಗೂ ಬಣ್ಣ ಬಳಿಯುವುದಿಲ್ಲ. ಆದ್ದರಿಂದ ಆಕ್ಷೇಪವನ್ನು ಪೂರ್ತಿ ಒಪ್ಪಿಕೊಂಡರೂ ನನ್ನ ಮಾತು ಬೀಳುವುದಿಲ್ಲ. ತಿಂಗಳುಗಟ್ಟಲೆ ದಿನವೂ ಅರ್ಧ ಕಿಲೋ ತರಕಾರಿ, ಅದರ ಜೊತೆ ಮತ್ತೇನೂ ಇಲ್ಲ ಎನ್ನುವಂಥ ಊಟ ಮಾಡುತ್ತಿರುವವರನ್ನು, ಉಳಿದ ಊಟ ಏನಾಯಿತು ಎಂದು ಕೇಳಲೇಬೇಕು. 1983ರಲ್ಲಿ ಅಮೆರಿಕದ ವೈದ್ಯರು ಮುಟ್ಟು ನಿಂತ, ಅಂಗೈ ಹಳದಿಯಾದ ಕೆಲವು ಹೆಂಗಸರ ಬಗ್ಗೆ ಬರೆದಿದ್ದರು. ಹಸಿ ತರಕಾರಿಯೇ ಪ್ರಧಾನವಾಗಿದ್ದ ಊಟದ ರೀತಿ ಬದಲಿಸಿದಾಗ ಬಣ್ಣವೂ ಇಳಿಯಿತು, ಹಲವರಿಗೆ ಮುಟ್ಟೂ ಮರಳಿತು. ಕೆರೊಟಿನ್ ಮುಟ್ಟನ್ನು ನಿಲ್ಲಿಸಿತು ಎಂದು ಅದನ್ನು ಓದುವುದು ಅವಸರವಾಗುತ್ತದೆ. ಎರಡಕ್ಕೂ ಹಿಂದೆ ಒಂದೇ ತಟ್ಟೆ ಇತ್ತು ಎಂದು ಓದುವುದು ಹೆಚ್ಚು ಸರಿ.

ಎರಡನೆಯ ಆಕ್ಷೇಪ ಇದಕ್ಕಿಂತ ಗಟ್ಟಿ. ಅನೊರೆಕ್ಸಿಯಾ ಇರುವವರೆಲ್ಲರ ಅಂಗೈ ಹಳದಿಯಾಗುವುದಿಲ್ಲ. ಈ ಬಗ್ಗೆ ಬಂದ ವರದಿಗಳಲ್ಲಿ ಹೆಚ್ಚಿನವು ಅನೊರೆಕ್ಸಿಯಾದವು. ತಿಂದು ವಾಂತಿ ಮಾಡುವ ಬುಲಿಮಿಯಾ, ತೂಕ ಹೆಚ್ಚೇ ಇದ್ದು ಉಪವಾಸ ಬೀಳುವವರ ಕಾಯಿಲೆ, ಇವುಗಳಲ್ಲಿ ಅಂಗೈಯನ್ನು ನಂಬಿ ಕೂತರೆ ಕೆಟ್ಟೆವು. ಅಷ್ಟೇ ಅಲ್ಲ, ಸಕ್ಕರೆ ಕಾಯಿಲೆ, ಕಿಡ್ನಿಯ ಕೆಲವು ತೊಂದರೆ, ಮಂದ ಥೈರಾಯ್ಡ್, ಇವುಗಳಲ್ಲೂ ಕೆರೊಟಿನ್ ಏರಬಹುದು. ಹಾಗಾದರೆ ಇಂಥ ಅರೆಬರೆ ಗುರುತಿನಿಂದ ಪ್ರಯೋಜನವೇನು? ರೋಗವನ್ನು ಸಾಬೀತು ಮಾಡುವ ಗುರುತು ಬೇರೆ, ಪ್ರಶ್ನೆ ಎಬ್ಬಿಸುವ ಗುರುತು ಬೇರೆ. ಹಳದಿ ಅಂಗೈ ಎರಡನೆಯ ಜಾತಿಯದು. ಅದು ಕಂಡಮೇಲೆ ನಾಡಿ ಹಿಡಿದು ನೋಡಬೇಕು, ನಿಮಿಷಕ್ಕೆ 50ಕ್ಕಿಂತ ಕೆಳಗಿದೆಯೇ ಎಂದು. ಮೈ ಬಿಸಿ ನೋಡಬೇಕು. ಬೆನ್ನ ಮೇಲೆ, ಕೈಮೇಲೆ ಎಳೆಗೂಸಿನಂಥ ನವಿರು ಕೂದಲು ಬಂದಿದೆಯೇ, ಆರು ತಿಂಗಳ ಹಿಂದೆ ತೂಕ ಎಷ್ಟಿತ್ತು, ಮುಟ್ಟು ಯಾವಾಗ ಆಗಿತ್ತು ಎಂದು ವಿಚಾರಿಸಬೇಕು. ಇವು ಖರ್ಚಿಲ್ಲದ ಕೆಲಸ, ಯಂತ್ರ ಬೇಕಿಲ್ಲ. 2011ರಲ್ಲಿ ಪ್ರಕಟವಾದ, ಅನೇಕ ಅಧ್ಯಯನಗಳನ್ನು ಒಟ್ಟುಗೂಡಿಸಿದ ವಿಶ್ಲೇಷಣೆಯೊಂದರ ಪ್ರಕಾರ ಅನೊರೆಕ್ಸಿಯಾ ಇರುವವರು ಸಾಯುವ ಸಂಭವ ಅದೇ ವಯಸ್ಸಿನ ಉಳಿದವರಿಗಿಂತ ಆರು ಪಟ್ಟು ಸಮೀಪ. ಸತ್ತವರಲ್ಲಿ ಐವರಿಗೊಬ್ಬರು ಆತ್ಮಹತ್ಯೆ ಮಾಡಿಕೊಂಡವರು. ಇಂಥ ಕಾಯಿಲೆಯಲ್ಲಿ ಪ್ರಶ್ನೆ ಎಬ್ಬಿಸುವ ಗುರುತೂ ಸಣ್ಣದಲ್ಲ.

ಕರ್ನಾಟಕದಲ್ಲಿ ಇದಕ್ಕೆ ಇನ್ನೊಂದು ಮುಖವಿದೆ. ನಮ್ಮಲ್ಲಿ ಹಳದಿ ಎಂದರೆ ಮೊದಲು ನೆನಪಾಗುವುದು ಅರಿಶಿನ. ಅದು ತೊಳೆದರೆ ಹೋಗುತ್ತದೆ. ಆಮೇಲೆ ನೆನಪಾಗುವುದು ಕಾಮಾಲೆ. ಕಾಮಾಲೆ ಎಂದೊಡನೆ ನೆಲನೆಲ್ಲಿಯ ರಸ, ನಾಟಿ ಔಷಧಿ, ಅದಕ್ಕೆ ತಕ್ಕ ಪಥ್ಯ: ಎಣ್ಣೆ ಬೇಡ, ತುಪ್ಪ ಬೇಡ, ಕರಿದದ್ದು ಬೇಡ, ಗಂಜಿ ಮಜ್ಜಿಗೆ ಸಾಕು. ಕಾಮಾಲೆ ಇಲ್ಲದ ಹುಡುಗಿಗೆ ಈ ಪಥ್ಯ ಹಾಕಿದರೆ ಆಗುವುದೇನು ಎಂದು ಯೋಚಿಸಿ. ಇಷ್ಟು ದಿನ ಅವಳು ಕದ್ದು ಮಾಡುತ್ತಿದ್ದುದನ್ನು ಈಗ ಮನೆಯವರೇ ಒತ್ತಾಯಿಸಿ ಮಾಡಿಸುತ್ತಾರೆ. ಉಣ್ಣದಿರಲು ಅಪ್ಪಣೆ ಸಿಗುತ್ತದೆ, ಅದೂ ಪ್ರೀತಿಯಿಂದ. ಹಳದಿ ಅಂಗೈಯನ್ನು ತಪ್ಪಾಗಿ ಓದುವುದರಿಂದ ನೇರವಾಗಿ ಕೇಡಾಗುವ ಸಂದರ್ಭ ಇದು. ತಪ್ಪಿಸುವುದು ಕಷ್ಟವಲ್ಲ, ಹಗಲ ಬೆಳಕಿನಲ್ಲಿ ಕಣ್ಣು ನೋಡಿದರೆ ಸಾಕು. ಆದರೆ ನಮ್ಮ ಮೈಬಣ್ಣದವರಲ್ಲಿ, ಬಿಸಿಲಿಗೆ ಬೀಳುವ ಕಣ್ಣಿನ ಭಾಗ ಸಹಜವಾಗಿಯೇ ಕಂದುಛಾಯೆಯಲ್ಲಿರುವುದುಂಟು. ಆದ್ದರಿಂದ ರೆಪ್ಪೆ ಎತ್ತಿಸಿ, ಮರೆಯಲ್ಲಿರುವ ಬಿಳಿಯನ್ನೂ ನಾಲಿಗೆಯ ಅಡಿಯನ್ನೂ ನೋಡುವುದು ಒಳ್ಳೆಯದು. ಅಲ್ಲೂ ಹಳದಿಯಿದ್ದರೆ ಲಿವರಿನ ದಾರಿ ಹಿಡಿಯಬೇಕು. ಅಲ್ಲಿ ಬಿಳಿ, ಅಂಗೈಯಲ್ಲಿ ಹಳದಿ ಎಂದಾದರೆ ಪಥ್ಯದ ಮಾತು ಎತ್ತಲೇಬಾರದು.

ಇದು ಪಾಶ್ಚಾತ್ಯರ ಖಯಾಲಿ, ಮಾಡೆಲ್‌ಗಳ ಕಾಯಿಲೆ, ನಮ್ಮ ಮನೆಗಳಲ್ಲಿ ಎಲ್ಲಿದೆ ಎಂದು ಕೇಳುವವರಿದ್ದಾರೆ. ಅದಕ್ಕೆ ಉತ್ತರವಾಗಿ ಎರಡು ಅಧ್ಯಯನಗಳನ್ನು ನೆನೆಯಬಹುದು. ಹಾಂಗ್‌ಕಾಂಗಿನ ಮನೋವೈದ್ಯ ಸಿಂಗ್ ಲೀ ಮತ್ತು ಸಂಗಡಿಗರು 1993ರಲ್ಲಿ 70 ಚೀನೀ ರೋಗಿಗಳ ಬಗ್ಗೆ ಬರೆದರು. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ದಪ್ಪಗಾಗುವ ಭಯದ ಮಾತನ್ನೇ ಆಡಿರಲಿಲ್ಲ, ಹೊಟ್ಟೆ ಉಬ್ಬರ, ರುಚಿ ಇಲ್ಲ ಎನ್ನುತ್ತಿದ್ದರು. ಖಂಡೇಲ್‌ವಾಲ್, ಶರಣ್ ಮತ್ತು ಸಕ್ಸೇನಾ 1995ರಲ್ಲಿ ವಿವರಿಸಿದ ಐವರು ಭಾರತೀಯ ಯುವತಿಯರದ್ದೂ ಹೆಚ್ಚುಕಡಿಮೆ ಇದೇ ಕಥೆ: ಊಟ ಬೇಡ, ವಾಂತಿ, ಇಳಿದ ತೂಕ, ನಿಂತ ಮುಟ್ಟು, ಆದರೆ ತಾನು ದಪ್ಪ ಎಂಬ ಪಠ್ಯಪುಸ್ತಕದ ಮಾತು ಇಲ್ಲ. ಅದೇ ಹೊತ್ತಿಗೆ ಬೆಂಗಳೂರಿನ ನಿಮ್ಹಾನ್ಸ್‌ನಿಂದಲೂ ಇಂಥ ರೋಗಿಗಳ ಕುಟುಂಬಗಳ ಬಗ್ಗೆ ಬರಹ ಬಂದಿದೆ. ಮೂರು ದಶಕದಲ್ಲಿ ಮೊಬೈಲು, ಜಿಮ್ಮು, ತೂಕ ಇಳಿಸುವ ವಿಡಿಯೊಗಳು ಬಂದು ದಪ್ಪಗಾಗುವ ಭಯದ ಮಾತೂ ಈಗ ಕೇಳಿಬರುತ್ತದೆ ಎನ್ನುವುದು ಬೇರೆ. ಆದರೂ ಏಕಾದಶಿ, ಶ್ರಾವಣ, ಗ್ಯಾಸ್ಟ್ರಿಕ್, ಸಾತ್ವಿಕ ಆಹಾರ ಎಂಬ ಗೌರವದ ಕಾರಣಗಳ ಹಿಂದೆ ಉಣ್ಣದಿರುವುದನ್ನು ಅಡಗಿಸಿಡುವುದು ನಮ್ಮಲ್ಲಿ ಬಹಳ ಸುಲಭ. ಉಪವಾಸ ಮಾಡುವವರೆಲ್ಲ ರೋಗಿಗಳೆಂದು ಇದರರ್ಥವಲ್ಲ. ಏಕಾದಶಿ ಮಾಡಿದವರು ಮರುದಿನ ದ್ವಾದಶಿಯ ಪಾರಣೆಯನ್ನು ಸಂಭ್ರಮದಿಂದಲೇ ಮಾಡುತ್ತಾರೆ. ಬಾಯಿ ಹೇಳುವ ಕಾರಣ ಊರಿಂದೂರಿಗೆ ಬದಲಾಗುವಾಗ, ನಿಧಾನಗೊಂಡ ನಾಡಿ, ಇಳಿದ ಟಿ3, ಏರಿದ ಕೆರೊಟಿನ್ ಎಲ್ಲ ಊರಿನಲ್ಲೂ ಒಂದೇ ರೀತಿ ಇರುತ್ತವೆ. ದಪ್ಪಗಾಗುವ ಭಯ ಎಲ್ಲಿ ಎಂದು ಹುಡುಕುವ ವೈದ್ಯರಿಗಿಂತ ಅಂಗೈ ತಿರುಗಿಸಿ ನೋಡುವ ವೈದ್ಯರೇ ಇಲ್ಲಿ ಬೇಗ ದಾರಿ ಕಂಡುಕೊಳ್ಳಬಹುದು.

ನನ್ನನ್ನು ಹೆಚ್ಚು ಅಳುಕಿಸುವ ಆಕ್ಷೇಪ ಇನ್ನೊಂದಿದೆ. ಇಂಥ ಲೇಖನ ಓದಿದ ಅಪ್ಪ ಅಮ್ಮಂದಿರು ನಾಳೆಯಿಂದ ಮಗಳ ಕೈ ಹಿಡಿದು ಪರೀಕ್ಷೆಗೆ ನಿಂತರೆ? ಊಟದ ಎಲೆಯ ಮೇಲೆ ಕಾವಲು, ಈಗ ಅಂಗೈಯ ಮೇಲೂ ಕಾವಲು. ಈ ಕಾಯಿಲೆ ಗುಟ್ಟಿನಲ್ಲಿ ಬೆಳೆಯುವಂಥದ್ದು. ಪತ್ತೇದಾರಿಕೆ ಮಾಡಿದಷ್ಟೂ ಗುಟ್ಟು ಒಳಕ್ಕೆ ಸರಿಯುತ್ತದೆ. ಒಂದು ಗುರುತು ಬಯಲಾದರೆ ರೋಗಿ ಕ್ಯಾರೆಟ್ ಬಿಟ್ಟು ಸೌತೆಕಾಯಿ ಹಿಡಿಯಬಹುದು, ಅದರಲ್ಲಿ ಬಣ್ಣವೂ ಇಲ್ಲ, ಕ್ಯಾಲರಿಯೂ ಇಲ್ಲ. ಈ ಭಯ ನಿಜವಾದದ್ದೇ, ಅದನ್ನು ಪೂರ್ತಿ ತಳ್ಳಿಹಾಕುವ ವಾದ ನನ್ನಲ್ಲಿಲ್ಲ. ಹೇಳಬಹುದಾದದ್ದು ಇಷ್ಟು: ಈ ಗುರುತನ್ನು ಓದಬೇಕಾದವರು ಮುಖ್ಯವಾಗಿ ವೈದ್ಯರು, ಅದರಲ್ಲೂ ಕುಟುಂಬ ವೈದ್ಯರು, ಚರ್ಮದ ಡಾಕ್ಟರು, ಮುಟ್ಟು ನಿಂತಿದೆಯೆಂದು ಬಂದವರನ್ನು ನೋಡುವ ಸ್ತ್ರೀರೋಗ ತಜ್ಞರು. ಮನೆಯವರು ಇದನ್ನು ಆರೋಪವಾಗಿ ಬಳಸಿದರೆ ಏನೂ ಸಾಧಿಸುವುದಿಲ್ಲ. ಡಾಕ್ಟರ ಹತ್ತಿರ ಹೋಗಲು ಒಂದು ನೆಪವಾಗಿ ಬಳಸಿದರೆ ಸಾಧಿಸಬಹುದು. ಮನಸ್ಸಿನ ಡಾಕ್ಟರ ಹತ್ತಿರ ಬಾ ಎಂದರೆ ಬಾರದವಳು, ಕೈ ಯಾಕೋ ಹಳದಿಯಾಗಿದೆ, ತೋರಿಸಿಕೊಂಡು ಬರೋಣ ಎಂದರೆ ಬರುತ್ತಾಳೆ. ದಾರಿ ಗೊತ್ತಿಲ್ಲದವರಿಗೆ ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ, 14416, ಕನ್ನಡದಲ್ಲೂ ಉತ್ತರಿಸುತ್ತದೆ.

ಚಿಕಿತ್ಸೆ ಶುರುವಾದ ಮೇಲೆ ಈ ಬಣ್ಣದ ಅರ್ಥ ಬದಲಾಗುತ್ತದೆ, ಅದನ್ನು ತಿಳಿಯದಿದ್ದರೆ ಮತ್ತೊಂದು ತಪ್ಪು. ಊಟ ಸರಿಯಾದ ಮರುವಾರವೇ ಅಂಗೈ ತಿಳಿಯಾಗುವುದಿಲ್ಲ. ರಕ್ತದ ಕೆರೊಟಿನ್ ಇಳಿಯಲು ವಾರಗಳು ಬೇಕು, ಚರ್ಮದಲ್ಲಿ ಕೂತದ್ದು ಹೋಗಲು ಕೆಲವೊಮ್ಮೆ ತಿಂಗಳುಗಳು. ಆ ಅವಧಿಯಲ್ಲಿ ಹಳದಿ ಉಳಿದಿದೆ ಎಂದು ಮಗಳು ಮೋಸ ಮಾಡುತ್ತಿದ್ದಾಳೆಂದು ತೀರ್ಮಾನಿಸಿದರೆ, ಕಷ್ಟಪಟ್ಟು ಉಣ್ಣಲು ತೊಡಗಿದವಳಿಗೆ ಮಾಡುವ ಅನ್ಯಾಯವಾಗುತ್ತದೆ. ಆ ದಿನಗಳಲ್ಲಿ ಆಸ್ಪತ್ರೆಯವರು ಅಂಗೈಯತ್ತ ನೋಡುವುದೂ ಇಲ್ಲ. ಬಹಳ ದಿನ ಹಸಿದವರಿಗೆ ಒಮ್ಮೆಗೇ ಹೊಟ್ಟೆತುಂಬ ಉಣಿಸಿದರೆ ರಕ್ತದ ರಂಜಕ ಕುಸಿದು ಹೃದಯಕ್ಕೆ ಅಪಾಯವಾಗಬಹುದು. ಆದ್ದರಿಂದ ಕ್ಯಾಲರಿಯನ್ನು ಮೆಟ್ಟಿಲು ಮೆಟ್ಟಿಲಾಗಿ ಏರಿಸುತ್ತಾ, ರಂಜಕ, ಪೊಟ್ಯಾಸಿಯಂ, ಮೆಗ್ನೀಸಿಯಂ ಪರೀಕ್ಷೆಯನ್ನು ಮೊದಲ ಒಂದೆರಡು ವಾರ ಮತ್ತೆ ಮತ್ತೆ ಮಾಡಿಸುತ್ತಾರೆ. ಕೆರೊಟಿನ್ ಎಷ್ಟಿದೆ ಎಂದು ಅಳೆಯುವ ಅಗತ್ಯ ಅಲ್ಲಿ ಸಾಮಾನ್ಯವಾಗಿ ಬರುವುದಿಲ್ಲ. ಅದಕ್ಕೆಂದು ಪ್ರತ್ಯೇಕ ಔಷಧಿಯೂ ಇಲ್ಲ, ಕ್ಯಾರೆಟ್ಟನ್ನು ನಿಷೇಧಿಸಬೇಕಾದ ಪಟ್ಟಿಯೂ ಇಲ್ಲ. ತಟ್ಟೆಗೆ ಅನ್ನ, ಬೇಳೆ, ತುಪ್ಪ, ಮೊಸರು ಮರಳಿದ ಮೇಲೆ ಅದರ ಪಕ್ಕದಲ್ಲಿ ಕ್ಯಾರೆಟ್ ಪಲ್ಯವೂ ಇರಬಹುದು.